ಆಮ್ಲ, ಪ್ರತ್ಯಾಮ್ಲ, ಲವಣ, ನೀರು

ನಾನು ಓದಿದ್ದು ತಮಿಳುನಾಡಿನ ಗಡಿಯಲ್ಲಿರುವ ಹೊಸೂರಿನ ಹತ್ತಿರದ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ, ಕನ್ನಡ ಮಾಧ್ಯಮದಲ್ಲಿ. ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿತ್ತು. ಹತ್ತನೇ ತರಗತಿಯವರಿಗೆ ಸಂಜೆ ಸ್ಪೆಷಲ್ ಕ್ಲಾಸು. ನಾನಿದ್ದ ಕಬಡ್ಡಿ ಟೀಮಿಗೂ ಅದೇ ಹೊತ್ತಿಗೆ ಪ್ರಾಕ್ಟೀಸು. ಜಿಲ್ಲಾ ಪಂದ್ಯದಲ್ಲಿ ಚೆನ್ನಾಗಿ ಆಡಿ, ಪರೀಕ್ಷೆಯಲ್ಲೂ ಪಾಸಾದರೆ ಕ್ರೀಡಾ ಹಾಸ್ಟೆಲಿನಲ್ಲಿ ಸೀಟು, ಊಟ, ಮುಂದಕ್ಕೆ ಓದು. ಗುಲಾಬಿ ತೋಟದಲ್ಲಿ ಕೂಲಿ ಮಾಡುತ್ತಿದ್ದ ಅಮ್ಮನಿಗೆ ನನ್ನನ್ನು ಓದಿಸಲು ಬೇರೆ ದಾರಿ ಇರಲಿಲ್ಲ.

ಮೈದಾನಕ್ಕೆ ಹೋದರೆ ವಿಜ್ಞಾನದ ಟೀಚರ್ ಬೈಯುವರು, ಕ್ಲಾಸಿಗೆ ಹೋದರೆ ಪಿ.ಟಿ. ಮೇಷ್ಟ್ರು. ಕೊನೆಗೆ ಮೇಷ್ಟ್ರೇ ಒಂದು ಉಪಾಯ ಹೂಡಿದರು.

"ಬರೀ ಕಬಡ್ಡಿ ಕಬಡ್ಡಿ ಅಂತ ಯಾಕ್ಲಾ ಉಸ್ರು ಸುಡ್ತೀಯ? ಪ್ರಾಕ್ಟೀಸಲ್ಲಿ ಪಾಠ ಹೇಳ್ಕೊಂಡು ಹೋಗು. ಉಸ್ರೂ ಬೆಳೀತದೆ, ಮಾರ್ಕೂ ಬತ್ತದೆ."

"ನಗ್ತಾರೆ ಸಾ."

"ನಗೋರ್ನ ಮುಟ್ಟಿ ಔಟ್ ಮಾಡ್ಲಾ!"

ಅಂದಿನಿಂದ ನಡುಗೆರೆ ದಾಟಿದರೆ ನನ್ನ ಬಾಯಲ್ಲಿ ಪಾಠ. "ಆಮ್ಲ ಪ್ರತ್ಯಾಮ್ಲ ಲವಣ ನೀರು, ಆಮ್ಲ ಪ್ರತ್ಯಾಮ್ಲ ಲವಣ ನೀರು." ಆ ನಾಲ್ಕು ಮಾತಿಗೆ ಕಾಲು ತಾನಾಗಿ ಕುಣಿಯುತ್ತಿತ್ತು. ಟೀಚರ್ ಪುಸ್ತಕ ಹಿಡಿದು ಅಂಕಣದ ಪಕ್ಕ ನಿಂತು ತಪ್ಪು ತಿದ್ದುತ್ತಿದ್ದರು. ಮಣ್ಣು ಮೆತ್ತಿದ ಮೈಯಲ್ಲೇ ಮನೆಗೆ ಹೋಗಿ ಅಮ್ಮನಿಗೂ ಒಪ್ಪಿಸುತ್ತಿದ್ದೆ. ಮುಳ್ಳು ಚುಚ್ಚಿದ ಬೆರಳಿಗೆ ಅರಿಶಿನ ಹಚ್ಚಿಕೊಳ್ಳುತ್ತ ಅವಳು ಕೇಳುತ್ತಿದ್ದಳು. ಅರ್ಥವಾಗುತ್ತಿರಲಿಲ್ಲ, ಆದರೂ ಕೇಳುತ್ತಿದ್ದಳು.

ಪಂದ್ಯ ಕೃಷ್ಣಗಿರಿಯಲ್ಲಿ. ಕೊನೆಯ ನಿಮಿಷ, ಎರಡು ಕಡೆಯೂ ಸಮ, ದಾಳಿ ನನ್ನದು. ಒಬ್ಬ ಪಾದ ಹಿಡಿದ, ಇನ್ನೊಬ್ಬ ಸೊಂಟ. ಇಬ್ಬರನ್ನೂ ಎಳೆದುಕೊಂಡೇ ಬಂದು ಬೆರಳಲ್ಲಿ ಗೆರೆ ಮುಟ್ಟಿದೆ. ಗೆದ್ದೆ ಎಂದು ತಲೆಯೆತ್ತಿದರೆ ಅಂಪೈರ್ ನನ್ನನ್ನೇ ಔಟ್ ಎಂದು ತೋರಿಸುತ್ತಿದ್ದಾರೆ. ಶಿಳ್ಳೆ ಯಾವಾಗಲೋ ಊದಿ ಆಗಿತ್ತು. ಹಿಡಿತ ಬಿಗಿಯಾದಾಗ ನನ್ನ ಬಾಯಿಂದ ಹೊರಟದ್ದು ಕಬಡ್ಡಿಯಲ್ಲ, ಆಮ್ಲ ಪ್ರತ್ಯಾಮ್ಲ.

"ಡೇಯ್, ಪಾಡಂ ನಡತ್ತುರಾನ್ ಡಾ!" ಪಾಠ ಮಾಡ್ತಾವ್ನೆ ಕಣ್ರೋ ಎಂದು ಎದುರಾಳಿ ಹುಡುಗರು ತಮಿಳಿನಲ್ಲಿ ಕೂಗಿ, ಬಿದ್ದು ಬಿದ್ದು ನಕ್ಕರು.

ವಾಪಸ್ಸು ಬರುವಾಗ ಬಸ್ಸು ಸೂಳಗಿರಿ ದಾಟಿತು. ಆಮೇಲೆ ಮೇಷ್ಟ್ರು ಬಂದು ಪಕ್ಕ ಕೂತರು.

"ನಾನ್ ಹೇಳ್ಕೊಟ್ಟಿದ್ದೇ ನಿನ್ನ ಕೆಡಿಸ್ತು ಕಣ್ಲಾ. ಹಾಸ್ಟೆಲ್ಲೋರು ನಿನ್ನ ಆಟ ನೋಡವ್ರೆ. ನೀನು ಪಾಸಾಗ್ಬುಡು, ಮಿಕ್ಕಿದ್ದು ನಾನ್ ನೋಡ್ಕೊತೀನಿ."

ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಇತ್ತು, ಆಮ್ಲ ಪ್ರತ್ಯಾಮ್ಲ ಸೇರಿದರೆ ಏನಾಗುತ್ತದೆ, ಉದಾಹರಣೆ ಸಹಿತ ವಿವರಿಸಿ ಅಂತ. ನಾಲ್ಕು ಮಾತು ಬರೆದೆ. ಮುಂದಕ್ಕೆ ಬರಲಿಲ್ಲ. ಒಂದು ಉಸಿರಿಗೆ ಸಿಗುವಷ್ಟೇ ನಾನು ಕಲಿತದ್ದು. ಉಸಿರು ಬಿಟ್ಟ ಮೇಲಿನ ಪಾಠ ನನ್ನಲ್ಲಿರಲಿಲ್ಲ. ಬೆಂಚಿನ ಕೆಳಗೆ ಕಾಲು ಆಡಿಸಿ ನೋಡಿದೆ.

"ಏಯ್, ಸುಮ್ನೆ ಕೂತ್ಕೊ," ಅಂದರು ಪರೀಕ್ಷಾ ಕೋಣೆ ಕಾಯುತ್ತಿದ್ದವರು.

ವಿಜ್ಞಾನ ಹೋಯಿತು. ಅದರೊಂದಿಗೆ ಸೀಟೂ. "ಒಂದೇ ಸಬ್ಜೆಕ್ಟಲ್ವೇನಪ್ಪ, ಇನ್ನೊಂದ್ ಸಲ ಬರಿ," ಅಂದಳು ಅಮ್ಮ. ನಾನು ಬರೆಯಲಿಲ್ಲ. ಸೋತ ಕಡೆಗೆ ಮತ್ತೆ ಕೈಕಟ್ಟಿ ಹೋಗಿ ಕೂರುವ ಜಾಯಮಾನ ನನ್ನದಲ್ಲ.

ಕಾರ್ಖಾನೆಗಳಿಗೆ ಬೋಲ್ಟು ಕಡೆದು ಕೊಡುವ ಒಂದು ಶೆಡ್ಡಿಗೆ ಸೇರಿದೆ. ನನ್ನ ಕೈಯಿಂದ ಹೋದ ಮಾಲು ವಾಪಸ್ಸು ಬಂದದ್ದಿಲ್ಲ. ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಮೊದಲ ಸಂಬಳ ತಂದ ದಿನ ಅಮ್ಮ ಅದನ್ನು ದೇವರ ಮುಂದಿಟ್ಟು ಬಂದು, "ಆ ಲವಣ, ನೀರು ಅಂತಿದ್ದೆಯಲ್ಲ, ಒಂದ್ಸಲ ಹೇಳಪ್ಪ ಕೇಳಾನ," ಅಂದಳು.

"ಮರ್ತೋಯ್ತು ಬಿಡಮ್ಮ," ಅಂದೆ.

ಈಗ ಅಮ್ಮ ಇಲ್ಲ. ಕಬ್ಬಿಣದ ಸರಳು ಎತ್ತಲು ಉಸಿರು ಕಟ್ಟಿದರೆ ಬಾಯಿಗೆ ಬರುವುದು ಆ ನಾಲ್ಕು ಮಾತೇ. ಇನ್ನೊಂದು ತುದಿ ಹಿಡಿದವನು, "ಏನಣ್ಣ, ಮಂತ್ರಾನಾ?" ಅಂತಾನೆ. ನಾನು ಸರಳು ಕೆಳಗಿಳಿಸುವವರೆಗೂ ಹೇಳುತ್ತಲೇ ಇರುತ್ತೇನೆ.