ಗುದ್ದಿಗೊಂದು ಹಾರ್ನ್

ಪೋರ್ಟ್ ಕರ್ನೋ ಊರಿನಲ್ಲಿ, ಚೆಂಡನ್ನು ಕೈಯಲ್ಲೂ ಹಿಡಿದು ಆಡುವ ಫುಟ್‌ಬಾಲಿನ, ಅಂದರೆ ಫುಟಿಯ ಮೈದಾನದಲ್ಲಿ, ದಕ್ಷಿಣದ ಗೋಲ್ ಕಂಬಗಳ ಪಕ್ಕದಲ್ಲಿ, ಬೇಲಿಗೆ ಮೂತಿ ತಗುಲಿಸಿಕೊಂಡು ಒಂದು ಹಳೇ ಬಿಳಿ ಕಾರು ನಿಲ್ಲುತ್ತದೆ. ಚಳಿಗಾಲದ ಪ್ರತಿ ಶನಿವಾರವೂ ಅದೇ ಜಾಗ. ಅಲ್ಲಿ ಬೋರ್ಡಿಲ್ಲ, ಹಗ್ಗ ಕಟ್ಟಿಲ್ಲ. ಆದರೂ ಬೇರೆ ಯಾರೂ ಅಲ್ಲಿ ಗಾಡಿ ನಿಲ್ಲಿಸುವುದಿಲ್ಲ. ಊರಿಗೆ ಹೊಸದಾಗಿ ಬಂದ ಪಾದ್ರಿಯೊಬ್ಬರು ತಿಳಿಯದೆ ಒಮ್ಮೆ ನಿಲ್ಲಿಸಿದ್ದರು. ಬಿಳಿ ಕಾರಿನ ಒಡತಿ ನೋಲಾ ಟ್ರೆಲೋರ್ ಆ ಪಾದ್ರಿಯ ಕಿಟಕಿಯ ಬಳಿ ಹೋಗಿ, ಏನೂ ಮಾತಾಡದೆ, ಸುಮ್ಮನೆ ನಿಂತಳು. ಪಾದ್ರಿ ಮೊದಲು ನಕ್ಕರು, ಆಮೇಲೆ ನಗು ನಿಲ್ಲಿಸಿದರು, ಆಮೇಲೆ ಕಾರು ತೆಗೆದರು.

ನೋಲಾಳಿಗೆ ಎಪ್ಪತ್ತು ದಾಟಿದೆ. ಮಾಂಸದಂಗಡಿಯ ಮರ್ವ್ ಟ್ರೆಲೋರನ ಹೆಂಡತಿಯಾಗಿ ಅರ್ಧ ಆಯಸ್ಸನ್ನು ಕತ್ತಿ–ಹಲಗೆಯ ಹಿಂದೆ ಕಳೆದವಳು. ಮರ್ವ್ ತೀರಿಕೊಂಡ, ಅಂಗಡಿ ಕೈಬದಲಾಯಿತು, ಕಣ್ಣು ಮಾತ್ರ ಅಂಗಡಿಯದ್ದೇ ಉಳಿಯಿತು. ಯಾವ ಆಟಗಾರ ಮೈದಾನಕ್ಕೆ ಇಳಿದರೂ ಅವಳು ಮುಖ ನೋಡುವುದಿಲ್ಲ, ತೊಡೆ ನೋಡುತ್ತಾಳೆ. ಅದೂ ಎಲ್ಲರದ್ದಲ್ಲ. ಮುಂದೆ ನಿಂತು ಗೋಲು ಹೊಡೆಯುವವರು ಅವಳ ಲೆಕ್ಕಕ್ಕೇ ಇಲ್ಲ. ಹಿಂದೆ ನಿಂತು ಗೋಲು ಕಾಯುವ ಡಿಫೆಂಡರುಗಳ ಮೇಲಷ್ಟೇ ಅವಳ ಕಣ್ಣು.

ಪಕ್ಕದಲ್ಲಿ ಕೂರುವವನು ಕ್ಲಾರಿ ಪೆನ್ಹೇಲ್. ಬಂದರಿನ ಗೋದಾಮಿನಲ್ಲಿ ಬಾರ್ಲಿ ಲಾರಿ ತೂಗುತ್ತಿದ್ದವನು. ಈಗ ತೂಗಲು ಲಾರಿಯಿಲ್ಲದೆ ಮನುಷ್ಯರನ್ನು ಕಣ್ಣಲ್ಲೇ ತೂಗುತ್ತಾನೆ. ಆಟದ ಉದ್ದಕ್ಕೂ ಇವರಿಬ್ಬರ ಸಂಭಾಷಣೆ ಹೀಗೆ ಸಾಗುತ್ತದೆ:

"ಎಡಗಡೆ ನಿಂತಿರೋನು ಯಾರೇ ಅದು, ಹೊಸಬ?"

"ಬೇಕರಿಯವರ ಮಗ. ಕಾಲು ನೋಡು, ಸೂಪಿಗೂ ಬರಲ್ಲ."

"ಓಡ್ತಾನಲ್ಲೇ ಚೆನ್ನಾಗಿ."

"ಕೋಳೀನೂ ಓಡತ್ತೆ ಕ್ಲಾರಿ. ತಲೆ ಕಡಿದ ಮೇಲೂ ಓಡತ್ತೆ."

ಈ ಮೈದಾನದಲ್ಲಿ ಚಪ್ಪಾಳೆ ತಟ್ಟುವವರು ಕಡಿಮೆ. ಕೊಲ್ಲಿಯ ಮೇಲಿಂದ ಬೀಸುವ ಗಾಳಿಗೆ ಹೆದರಿ ಜನ ಕಾರಿನೊಳಗೇ ಕೂತು ಆಟ ನೋಡುತ್ತಾರೆ. ತಮ್ಮ ತಂಡ ಗೋಲು ಹೊಡೆದರೆ ಎಲ್ಲರೂ ಒಟ್ಟಿಗೆ ಹಾರ್ನ್ ಹೊಡೆಯುತ್ತಾರೆ. ಮರ್ವ್ ತನ್ನ ಕಾಲದಲ್ಲಿ ಗೋಲಿನ ಮೂಲೆ ಕಾಯುತ್ತಿದ್ದವನು. ಗೋಲು ಹೊಡೆದವನಿಗೆ ಊರೆಲ್ಲ ಪೋಂ ಪೋಂ. ಗೋಲಾಗದ ಹಾಗೆ ನೋಡಿಕೊಂಡ ಮರ್ವನಿಗೆ ಮನೆಗೆ ಹೋದ ಮೇಲೆ ಸೊಂಟಕ್ಕೊಂದು ಬಿಸಿನೀರಿನ ಚೀಲ. ಹೊಸದಾಗಿ ಮದುವೆಯಾಗಿದ್ದ ನೋಲಾಳಿಗೆ ಈ ಅನ್ಯಾಯ ನೋಡಿ ನೋಡಿ ಮೈ ಉರಿಯುತ್ತಿತ್ತು. ಒಂದು ದಿನ ಮರ್ವ್ ಎದುರಾಳಿಯ ಕೈಗೆ ಬೀಳಲಿದ್ದ ಚೆಂಡನ್ನು ಮುಷ್ಟಿಯಿಂದ ಗುದ್ದಿ ಹೊರಗೆ ಹಾಕಿದಾಗ ಅವಳು ಒಬ್ಬಳೇ ಹಾರ್ನ್ ಹೊಡೆದಳು. ಇಡೀ ಮೈದಾನ ತಿರುಗಿ ನೋಡಿತು. ಮರ್ವನ ಕಿವಿ ಕೆಂಪಾಯಿತು. ರಾತ್ರಿ ಊಟದ ಹೊತ್ತಿಗೂ ಅದು ಕೆಂಪಾಗೇ ಇತ್ತಂತೆ.

ಅಂದಿನಿಂದ ನೋಲಾ ಗೋಲಿಗೆ ಹಾರ್ನ್ ಹೊಡೆದವಳಲ್ಲ. ಗುದ್ದಿಗೆ ಮಾತ್ರ, ಅದೂ ಅಪ್ಪಟ ಗುದ್ದಿಗೆ. ಕೆಲವು ವರ್ಷ ಒಂದೂ ಇರುವುದಿಲ್ಲ. ಅವಳಿಂದ ಹಾರ್ನ್ ಹೊಡೆಸಿಕೊಂಡವರು ಪಬ್ಬಿನಲ್ಲಿ ಸಾಯುವತನಕ ಅದನ್ನೇ ಹೇಳುತ್ತಾರೆ. ಒಬ್ಬನಂತೂ ತನ್ನ ಮದುವೆಯ ಭಾಷಣದಲ್ಲಿ ಹೆಂಡತಿಗಿಂತ ಮೊದಲು ಹಾರ್ನಿನ ವಿಷಯ ಎತ್ತಿ ಮಾವನ ಕೆಂಗಣ್ಣಿಗೆ ಗುರಿಯಾದ.

ಆದರೆ ತಂಡದ ಫುಲ್‌ಬ್ಯಾಕ್, ಗೋಲ್ ಬಾಯಲ್ಲೇ ನಿಂತು ಕಾಯುವ ಬ್ರೆಂಟನ್‌ಗೆ, ಇಷ್ಟು ವರ್ಷಗಳಲ್ಲಿ ಒಂದೇ ಒಂದು ಹಾರ್ನೂ ಸಿಕ್ಕಿರಲಿಲ್ಲ. ಬ್ರೆಂಟನ್ ಬೇರೆ ಯಾರೂ ಅಲ್ಲ, ನೋಲಾಳ ಒಬ್ಬಳೇ ಮಗಳು ಜನೀನ್‌ಳ ಗಂಡ. ಅಳಿಯನಾದರೇನು, ಯಾರಾದರೇನು, ನೋಲಾ ಅಲುಗಲಿಲ್ಲ. ಹುಡುಗನಾಗಿದ್ದಾಗ ಅವನು ಮುಂದೆ ನಿಂತು ಗೋಲು ಹೊಡೆಯುತ್ತಿದ್ದವನು. ಸೊಂಟ ಬೆಳೆದ ಮೇಲೆ ಕೋಚ್ ಹಿಂದಕ್ಕೆ ಕಳಿಸಿದ. ಮೈ ಹಿಂದೆ ಬಂತು, ಕೈ ಬರಲಿಲ್ಲ. ಗುದ್ದಬೇಕಾದ ಚೆಂಡನ್ನೆಲ್ಲ ಹಿಡಿಯಲು ಹೋಗಿ ಜಾರಿಸುತ್ತಿದ್ದ. ಅನುಮಾನ ಬಂದರೆ ಗುದ್ದು ಎನ್ನುವುದು ಮರ್ವನ ಏಕೈಕ ತತ್ವಜ್ಞಾನ. ಬ್ರೆಂಟನ್‌ಗೆ ಜೀವನದಲ್ಲಿ ಅನುಮಾನವೇ ಬರುತ್ತಿರಲಿಲ್ಲ.

ಅಲ್ಲಿ ಆಗಸ್ಟ್ ಎಂದರೆ ಚಳಿಗಾಲ; ಆಗಸ್ಟಿನ ಒಂದು ಶನಿವಾರ ಬಾರ್ಲಿ ಫ್ಲ್ಯಾಟ್ ಊರಿನವರ ಮೇಲೆ ಆಟ. ಮಂಡಿ ಕೈಕೊಟ್ಟಿದ್ದ ಬ್ರೆಂಟನ್‌ಗೆ ಅದೇ ಕಡೆಯ ಆಟ. ಶುರುವಾಗುವ ಮುಂಚೆ ಜನೀನ್ ಮಾಂಸದ ಹೂರಣದ ಬಿಸಿ ಪಾಸ್ಟಿ ಹಿಡಿದುಕೊಂಡು ಕಾರಿನ ಕಿಟಕಿಗೆ ಬಂದಳು.

"ಅಮ್ಮಾ, ಇವತ್ತು ಅವನ ಕಡೇ ಆಟ."

"ಗೊತ್ತು. ಸಾಸ್ ಎಲ್ಲೇ?"

"ಒಂದೇ ಒಂದ್ಸಲ ಹಾರ್ನ್ ಹೊಡೆದ್ರೆ ನಿನ್ನ ಬ್ಯಾಟರಿ ಸವೆದು ಹೋಗತ್ತಾ?"

"ಗುದ್ದಲಿ, ಹೊಡೀತೀನಿ."

"ರಾತ್ರಿ ಮಲಗಿ ಸೂರು ನೋಡ್ತಾ ಇರ್ತಾನೆ ಅಮ್ಮಾ. 'ಟೀಮಲ್ಲಿದ್ದ ಆ ಪೋಸ್ಟ್‌ಮ್ಯಾನ್‌ಗೂ ಹಾರ್ನ್ ಹೊಡೆದ್ರು ನಿಮ್ಮಮ್ಮ' ಅಂತಾನೆ. ಅವನಿಗೂ ನಿದ್ದೆಯಿಲ್ಲ, ನನಗೂ ಇಲ್ಲ."

"ಹಿತ್ತಲ ಗಿಡ ಮದ್ದಲ್ಲ, ಬಿಡು ಜನೀನ್" ಎಂದ ಕ್ಲಾರಿ, ಆ ಪಾಸ್ಟಿಯಲ್ಲಿ ಅರ್ಧ ಮುರಿದುಕೊಳ್ಳುತ್ತ.

ಜನೀನ್ ಸಾಸಿನ ಬಾಟಲಿಯನ್ನು ಬಾನೆಟ್ಟಿನ ಮೇಲೆ ಕುಕ್ಕಿ ಹೋದಳು. ನೋಲಾ ತನ್ನ ಪಾಸ್ಟಿಯನ್ನು ಡ್ಯಾಶ್‌ಬೋರ್ಡಿನ ಮೇಲಿಟ್ಟಳು. ಹೊಡೆಯಬಾರದು ಎಂಬ ಹಟ ಅವಳಿಗಿರಲಿಲ್ಲ. ಹೊಡೆಯಬೇಕೆಂದು ಕೈ ತುರಿಸುತ್ತಿತ್ತು. ಅಳಿಯನೆಂದರೆ ಅವಳಿಗೆ ಪ್ರಾಣ. ಮರ್ವ್ ತೀರಿಕೊಂಡ ವಾರವೆಲ್ಲ ದಿನಾ ಸಂಜೆ ಬಂದು, ಏನು ಮಾತಾಡಬೇಕೋ ತೋಚದೆ, ಸೋರದ ನಲ್ಲಿಗಳನ್ನೆಲ್ಲ ಬಿಚ್ಚಿ ರಿಪೇರಿ ಮಾಡಿದವನು ಇವನೇ. ಆದರೆ ಕನಿಕರಕ್ಕೆ ಒಂದು ಹಾರ್ನ್ ಹೊಡೆದರೆ ಹಿಂದಿನವೆಲ್ಲ ಕನಿಕರದ್ದೇ ಆಗಿಬಿಡುತ್ತವೆ. ಮರ್ವನದ್ದೂ ಸೇರಿ. ಅದು ಅವಳಿಂದ ಆಗದು.

ನಾಲ್ಕು ಭಾಗಗಳ ಆಟ ಶುರುವಾಯಿತು. ಮೊದಲ ಕಾಲು ಭಾಗದಲ್ಲಿ ಬ್ರೆಂಟನ್ ಅವಳ ಮೂಗಿನ ಕೆಳಗೇ ಚೆಂಡು ಹಿಡಿಯಲು ಹೋಗಿ ಜಾರಿಸಿದ, ಎದುರಾಳಿ ಗೋಲು ಹೊಡೆದ. "ಎಮ್ಮೆ ತೂಕ, ಚಿಟ್ಟೆ ಬುದ್ಧಿ" ಎಂದು ಕ್ಲಾರಿ ತೀರ್ಪು ಕೊಟ್ಟ. ಎರಡನೆಯ ಭಾಗಕ್ಕೆ ತಂಡಗಳು ದಿಕ್ಕು ಬದಲಿಸಿದವು. ಉತ್ತರದ ತುದಿಯಲ್ಲಿ ಅವನು ಎರಡು ಸಲ ಜಾರಿಸಿದ್ದನ್ನು ನೋಲಾ ದುರ್ಬೀನಿನಲ್ಲಿ ನೋಡಿ ದುರ್ಬೀನನ್ನೇ ಬೈದಳು.

ಮೂರನೆಯ ಭಾಗದಲ್ಲಿ ಬ್ರೆಂಟನ್ ಮತ್ತೆ ಇವರ ಎದುರಿಗೆ ಬಂದ. ಈಗ ಸ್ಟಿಯರಿಂಗಿನ ಮುಂದೆ ಕೂತಿದ್ದವನು ಕ್ಲಾರಿ. ನೋಲಾ ಗಾಳಿ ಕಡಿಮೆಯಿರುವ ಕಡೆಗೆ ಸರಿದಿದ್ದಳು. ಗಾಜು ಮಂಜಾಯಿತೆಂದು ಕ್ಲಾರಿ ಬಟ್ಟೆ ಹಿಡಿದು ಒರೆಸಲು ಮುಂದೆ ಬಾಗಿದ. ಅವನಿಗಿಂತ ಮೊದಲು ಅವನ ಹೊಟ್ಟೆ ಬಾಗಿತು.

ಪೋಂ!

ಆ ಕ್ಷಣದಲ್ಲಿ ಬ್ರೆಂಟನ್ ಮಾಡುತ್ತಿದ್ದ ಮಹತ್ಕಾರ್ಯವೆಂದರೆ ಬೂಟಿನ ಲೇಸು ಕಟ್ಟಿಕೊಳ್ಳುವುದು. ಅವನು ತಲೆಯೆತ್ತಿದ. ಬಿಳಿ ಕಾರು ನೋಡಿದ. ನಿಧಾನವಾಗಿ ಎದ್ದುನಿಂತು, ದೇವರೇ ಪ್ರತ್ಯಕ್ಷನಾದ ಹಾಗೆ, ಎರಡೂ ಕೈ ಮೇಲೆತ್ತಿದ. ಅಷ್ಟರಲ್ಲಿ ಅವನು ಕಾಯಬೇಕಿದ್ದ ಆಸಾಮಿ ಅವನ ಹಿಂದಿನಿಂದ ಓಡಿ ಚೆಂಡು ಹಿಡಿದು, ಆರಾಮಾಗಿ ಗೋಲು ಹೊಡೆದ. ಬಾರ್ಲಿ ಫ್ಲ್ಯಾಟಿನ ಕಾರುಗಳೆಲ್ಲ ಕೂಗಿಕೊಂಡವು. ಬ್ರೆಂಟನ್‌ನ ಕೈ ಇನ್ನೂ ಮೇಲೇ ಇತ್ತು.

"ಕ್ಲಾರಿ! ನಿನ್ನ ಹೊಟ್ಟೆಗಿಷ್ಟು ಬೆಂಕಿ ಹಾಕ!"

"ನಾನೇನ್ ಮಾಡ್ಲೇ? ಅರ್ಧ ಪಾಸ್ಟಿ ನಿಂದೇ ಅಲ್ವಾ ಇದರೊಳಗೆ?"

ವಿರಾಮದಲ್ಲಿ ಊರವರೆಲ್ಲ ಎಂದಿನಂತೆ ಮೈದಾನದೊಳಗೆ ಹೋಗಿ, ಆಟಗಾರರ ಸುತ್ತ ನಿಂತು, ಕೋಚ್ ಬೈಯುವುದನ್ನು ಕೇಳಿದರು. ನೋಲಾ ಜನರ ನಡುವೆ ನುಸುಳಿ ಬ್ರೆಂಟನ್‌ನ ಹತ್ತಿರ ಬಂದಳು. ಗೋಲು ಬಿಟ್ಟುಕೊಟ್ಟವನ ಮುಖವಾಗಿರಲಿಲ್ಲ ಅದು. ಕೆಸರಿನ ಮಧ್ಯೆ ಕಣ್ಣು ಹೊಳೆಯುತ್ತಿತ್ತು.

"ಥ್ಯಾಂಕ್ಸ್ ನೋಲಾ" ಎಂದ.

ಹೂಂ ಎಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ನಿನ್ನೆಯ ಮಾಂಸವನ್ನು ಇವತ್ತಿನದೆಂದು ಮಾರಿ ಗೊತ್ತಿಲ್ಲದ ಬಾಯಿ ಅದು.

"ಬ್ರೆಂಟನ್, ಅದು ನಾನಲ್ಲ ಕಣಪ್ಪ. ಕ್ಲಾರಿ ಹೊಟ್ಟೆ."

"ಹೊಟ್ಟೆ?"

"ಹೊಟ್ಟೆ."

ಅವನ ಮುಖ ಗಾಳಿ ಬಿಟ್ಟ ಚೆಂಡಿನಂತಾಯಿತು. ಹಿಂದೆ ನಿಂತಿದ್ದ ಜನೀನ್, "ಅಮ್ಮಾ, ನೀನು ಮನುಷ್ಯಳೇನೇ?" ಎಂದಳು.

ನೋಲಾ ಸರಸರನೆ ಕಾರಿಗೆ ಬಂದು, ಕ್ಲಾರಿಯನ್ನು ಆಚೆಗೆ ತಳ್ಳಿ, ಸ್ಟಿಯರಿಂಗ್ ಹಿಡಿದು ಕಾರು ಸ್ಟಾರ್ಟ್ ಮಾಡಿದಳು.

"ಎಲ್ಲಿಗೇ?"

"ಉತ್ತರಕ್ಕೆ. ಕಡೇ ಭಾಗ ಅವನು ಅಲ್ಲಿ ನಿಲ್ತಾನೆ. ದುರ್ಬೀನಲ್ಲಿ ನೋಡಲ್ಲ ನಾನು."

"ಜಾಗ ಬಿಟ್ಟು? ಮರ್ವ್ ಇದ್ದಾಗಿಂದ ಇರೋ ಜಾಗಾನೇ!"

"ಬೆಲ್ಟ್ ಹಾಕ್ಕೋ."

ಬಿಳಿ ಕಾರು ಆಟ ಮುಗಿಯುವ ಮುಂಚೆಯೇ ಹಿಂದಕ್ಕೆ ಸರಿದದ್ದನ್ನು ಕಂಡು ಕೆಲವರು, ನೋಲಾ ಸತ್ತೇಹೋದಳೆಂದು ತಿಳಿದು ಗೌರವಕ್ಕೆ ಟೋಪಿ ತೆಗೆದರು. ಕಾರು ಮೈದಾನ ಸುತ್ತುವಷ್ಟರಲ್ಲಿ ಬಾರ್ಲಿ ಫ್ಲ್ಯಾಟಿನ ಯಾವನೋ ತನ್ನ ಗಾಡಿ ತಂದು ಆ ಜಾಗಕ್ಕೆ ತುರುಕಿದ್ದ. ನೋಲಾ ಕನ್ನಡಿಯಲ್ಲಿ ನೋಡಿದಳು, ಹಲ್ಲು ಕಚ್ಚಿದಳು, ಮುಂದೆ ಹೋದಳು. ಉತ್ತರದ ತುದಿಯಲ್ಲಿ ಎದುರಾಳಿಗಳ ಕಾರುಗಳ ನಡುವೆ, ಕಸದ ಡ್ರಮ್ಮಿನ ಪಕ್ಕ, ಅರ್ಧ ಕಾರಿನಷ್ಟು ಜಾಗವಿತ್ತು. ಅದರಲ್ಲೇ ತೂರಿಸಿದಳು.

ಆಟದ ಕೊನೆಯ ನಿಮಿಷ. ಪೋರ್ಟ್ ಕರ್ನೋ ಎರಡೇ ಅಂಕ ಮುಂದಿತ್ತು. ಗೋಲಾದರೆ ಎದುರಾಳಿಗೆ ಆರು ಅಂಕ, ಪೋರ್ಟ್ ಕರ್ನೋ ಸೋತುಹೋದಂತೆ. ಚೆಂಡು ಯಾರ ಕೈಗಾದರೂ ತಗುಲಿ ಗೆರೆ ದಾಟಿದರೆ ಅವರಿಗೆ ಒಂದೇ ಅಂಕ. ಬಾರ್ಲಿ ಫ್ಲ್ಯಾಟಿನವರು ಒದ್ದ ಚೆಂಡು ಮೋಡ ಮುಟ್ಟಿ ಗೋಲ್ ಬಾಯಿಗೆ ಇಳಿಯತೊಡಗಿತು. ಕೆಳಗೆ ನಾಲ್ಕು ಜನರ ನೂಕಾಟ, ನಡುವೆ ಬ್ರೆಂಟನ್. ಕಡೆಯ ಆಟ, ಕಡೆಯ ಚೆಂಡು. ಹಿಡಿದರೆ ಊರು ಹೊತ್ತು ಮೆರೆಸುತ್ತದೆ. ಅವನ ಹತ್ತೂ ಬೆರಳು ಹೂವಿನಂತೆ ಅರಳುವುದು ನೋಲಾಳಿಗೆ ಸ್ಪಷ್ಟವಾಗಿ ಕಂಡಿತು. ಅವಳು ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿದಳು. ಆದರೆ ಕೂಗಲಿಲ್ಲ. ಹೇಳಿಸಿಕೊಂಡು ಗುದ್ದಿದರೆ ಅದು ಗುದ್ದಲ್ಲ.

ಬ್ರೆಂಟನ್ ಮೇಲೆ ನೆಗೆದ. ಜೀವನದಲ್ಲಿ ಮೊದಲ ಸಲ ಅವನಿಗೆ ಅನುಮಾನ ಬಂತು. ಬೆರಳು ಮಡಚಿತು. ಮುಷ್ಟಿ ಚೆಂಡಿಗೆ ಬಡಿದ ಸದ್ದು ಕಸದ ಡ್ರಮ್ಮಿನವರೆಗೂ ಕೇಳಿಸಿತು. ಚೆಂಡು ಗೆರೆ ದಾಟಿತು. ಒಂದು ಅಂಕ ಹೋಯಿತು, ಆಟ ಮುಗಿದ ಸೈರನ್ ಕೂಗಿತು, ಪೋರ್ಟ್ ಕರ್ನೋ ಗೆದ್ದಿತು.

ನೋಲಾ ಎರಡೂ ಕೈ ಹಾರ್ನಿನ ಮೇಲಿಟ್ಟು ಒತ್ತಿದಳು. ಏನು ಪ್ರಯೋಜನ? ಪೋರ್ಟ್ ಕರ್ನೋದ ಒಂದೊಂದು ಕಾರೂ ಅದೇ ಹೊತ್ತಿಗೆ ಹಾರ್ನ್ ಹೊಡೆಯುತ್ತಿತ್ತು. ಅಷ್ಟು ವರ್ಷ ಜತನ ಮಾಡಿದ ಹಾರ್ನು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಯಿತು. ಅವನಂತೂ ಗೆಳೆಯರ ರಾಶಿಯ ಅಡಿಯಲ್ಲಿದ್ದ.

ಅವಳು ಕೈ ತೆಗೆಯಲಿಲ್ಲ. ಕೈ ಸೋತ ಮೇಲೆ ಮೊಣಕೈ ಇಟ್ಟಳು. ಒಂದೊಂದೇ ಕಾರು ಸುಮ್ಮನಾಯಿತು. ಜನ ಪಾಸ್ಟಿ ಕೊಳ್ಳಲು ಇಳಿದರು. ಕೊನೆಗೆ ಇಡೀ ಮೈದಾನದಲ್ಲಿ ಒಂದೇ ಹಾರ್ನ್ ಉಳಿಯಿತು, ಅದೂ ಎದುರಾಳಿಗಳ ಕಾರುಗಳ ನಡುವಿನಿಂದ. ರಾಶಿಯಿಂದ ಹೊರಬಂದ ಬ್ರೆಂಟನ್ ಮೊದಲು ದಕ್ಷಿಣಕ್ಕೆ ನೋಡಿದ. ಅಲ್ಲಿ ಯಾರದ್ದೋ ಗಾಡಿ. ಆಮೇಲೆ ಸದ್ದು ಬಂದ ಕಡೆಗೆ ತಿರುಗಿದ.

ಕ್ಲಾರಿ ಬಾಗಿಲು ತೆಗೆದು ಹೊರಗೆ ಹಾರಿ, ಕೋಟು ಬಿಚ್ಚಿ, ಹೊಟ್ಟೆಯನ್ನು ಊರಿಗೆಲ್ಲ ತೋರಿಸುತ್ತ ಕೂಗಿದ: "ನಾನಲ್ಲ ಕಣೋ! ನೋಡೋ, ಹೊಟ್ಟೆ ಇಲ್ಲಿದೆ! ಅದು ಅವಳೇ ಕಣೋ!"

ಹಾರ್ನ್ ಸಣ್ಣಗಾಗುತ್ತ, ಕರುವಿನ ಕೂಗಿನಂತಾಗಿ, ನಿಂತುಹೋಯಿತು. ಬ್ರೆಂಟನ್‌ನ ಕಿವಿಯೆರಡೂ ಕೆಂಪಾಗಿದ್ದವು. ಅದನ್ನು ನೋಡಿ ನೋಲಾಳಿಗೆ ಅಳು ಬಂತು, ತಡೆಯಲಿಲ್ಲ.

ಬ್ಯಾಟರಿ ಸತ್ತ ಕಾರನ್ನು ಯಾರಾದರೂ ತಳ್ಳಲೇಬೇಕಲ್ಲ. ಬೂಟಿನ ಕೆಸರೂ ತೊಳೆಯದೆ ಬ್ರೆಂಟನ್ ಹಿಂದೆ ನಿಂತು ತಳ್ಳಿದ. ಜನೀನ್ ಒಂದು ಕೈ ಕೊಟ್ಟಳು. ಕ್ಲಾರಿ ಪಕ್ಕದಲ್ಲಿ ನಡೆಯುತ್ತ ಸಲಹೆ ಕೊಟ್ಟ. ನೋಲಾ ಸ್ಟಿಯರಿಂಗ್ ಹಿಡಿದು ತಲೆ ಹೊರಗೆ ಹಾಕಿದಳು.

"ಬೆನ್ನಿಂದ ತಳ್ಬೇಡ್ವೋ! ತೊಡೆಯಿಂದ ತಳ್ಳು! ಇದೆಯಲ್ಲ ಅಷ್ಟು ದಪ್ಪ!"

"ಹೇಗಿದೆ ನೋಲಾ, ತೊಡೆ?" ಎಂದ ಅವನು ಏದುಸಿರು ಬಿಡುತ್ತ.

ನೋಲಾ ಕನ್ನಡಿಯಲ್ಲಿ ಒಮ್ಮೆ ನೋಡಿದಳು. ಕತ್ತಿ ಹಿಡಿದ ಕಾಲದಲ್ಲಿ ನೋಡುತ್ತಿದ್ದ ಹಾಗೇ, ಸಾವಕಾಶವಾಗಿ ನೋಡಿದಳು.

"ಮರ್ವನ ಥರ ಇದೆ" ಎಂದಳು.

ಕಾರು ನಿಂತಿತು. ಹಿಂದಿನಿಂದ ಬ್ರೆಂಟನ್‌ನ ಧ್ವನಿ ಬಂತು: "ಕೇಳಿಸ್ಲಿಲ್ಲ ನೋಲಾ. ಇನ್ನೊಂದ್ಸಲ ಹೇಳಿ."

"ಹಾರ್ನ್ ಹೊಡೆದಾಯ್ತಲ್ಲೋ! ತಳ್ಳು!"