ಟ್ರೇಯಲ್ಲಿ ವಾಲಿದ ಆಯಿಲ್

ಆಗೆಲ್ಲ ಕಾರಿನ ಆಯಿಲ್ ಬದಲಿಸೋಕೆ ನಾನು ಗ್ಯಾರೇಜಿಗೆ ಹೋಗುತ್ತಿರಲಿಲ್ಲ. ಹಳೇದು ಇಳಿದು ಹೊಸದು ತುಂಬಿದ್ದನ್ನು ಕಣ್ಣಾರೆ ಕಂಡರೇ ನನಗೆ ನೆಮ್ಮದಿ. ತಿರುಮಣಿಯ ಸೋಲಾರ್ ಪಾರ್ಕಿನಲ್ಲಿ ಕೆಲಸಕ್ಕಿದ್ದಾಗ, ಒಂದು ರಜೆಯ ದಿನ, ನನ್ನ ಬಾಡಿಗೆ ರೂಮಿನ ಪಕ್ಕದ ಬಯಲಲ್ಲಿ ಜ್ಯಾಕ್ ಕೊಟ್ಟು ಕಾರು ಎತ್ತಿ ಅಡಿಗೆ ನುಸುಳಿದೆ. ನಡುಮಧ್ಯಾಹ್ನ. ಸುತ್ತ ಒಂದು ಹಕ್ಕಿಯ ಸದ್ದೂ ಇರಲಿಲ್ಲ.

ಕಪ್ಪು ಆಯಿಲ್ ಟ್ರೇಗೆ ಇಳಿಯುತ್ತಿರುವಾಗ ಕಾರಿನ ಪಕ್ಕ ಎರಡು ಬರಿಗಾಲು ಬಂದು ನಿಂತವು.

"ಅಲ್ಲಿ ಮಲಗಬ್ಯಾಡ ನಾಯನಾ, ಎದ್ದು ಬಾ." ವಯಸ್ಸಾದ ಹೆಂಗಸಿನ ದನಿ.

"ಇನ್ನೇನು ಆಗೋಯ್ತಮ್ಮ," ಅಂದೆ.

"ನಮ್ ಬಾವಿ ಮ್ಯಾಲೆ ಮಲಗಿದ್ದೀಯ. ಮಣ್ಣು ತುಂಬ್ಸವ್ರೆ, ಅದಿನ್ನೂ ಗಟ್ಟಿಯಾಗಿಲ್ಲ."

ನನಗೆ ನಗು ಬಂತು. ಹಾಗೇ ಟ್ರೇ ಕಡೆ ತಿರುಗಿದೆ. ಯಾರೂ ಮುಟ್ಟದಿದ್ದರೂ ಆಯಿಲ್ ಮೆಲ್ಲಗೆ ಒಂದು ಪಕ್ಕಕ್ಕೆ ವಾಲುತ್ತಿತ್ತು. ನನ್ನ ಬೆನ್ನ ಕೆಳಗೆ, ಎಲ್ಲೋ ಆಳದಲ್ಲಿ, ಮಣ್ಣು ಉದುರಿ ನೀರಿಗೆ ಬಿದ್ದ ಸದ್ದಾಯಿತು.

ತೆವಳಿಕೊಂಡು ಹೊರಬಿದ್ದೆ. ಮರುಕ್ಷಣ ಜ್ಯಾಕ್ ನೆಲದೊಳಗೆ ಇಳಿದು, ನಾನು ಮಲಗಿದ್ದ ಜಾಗದಲ್ಲೇ ಕಾರು ಕೂತಿತು. ಅಜ್ಜಿ ನನ್ನನ್ನೂ ನೋಡಲಿಲ್ಲ, ಕಾರನ್ನೂ ನೋಡಲಿಲ್ಲ. ಕುಸಿದ ನೆಲದ ಅಂಚಿಗೆ ಕೂತು ಕಿವಿಗೊಟ್ಟಳು.

"ನೀರು ಇನ್ನೂ ಐತೆ," ಅಂತ ನಕ್ಕಳು.

ಈಗ ಕಾರನ್ನು ಶಿರಾದ ಗ್ಯಾರೇಜಿಗೇ ಬಿಡುತ್ತೇನೆ. ಮೊದಲ ಸಲ ಹೋದಾಗ, ಕಾರಿನಡಿ ಮಲಗಿದ್ದ ಮೆಕ್ಯಾನಿಕನನ್ನು ಕೇಳಿದೆ: "ಭಾಯ್, ಈ ಜಾಗದಲ್ಲಿ ಮೊದಲು ಏನಿತ್ತು?"

"ಗೊತ್ತಿಲ್ಲ ಸಾರ್, ಬಾಡಿಗೆ ಜಾಗ."

ಸ್ವಲ್ಪ ಹೊತ್ತು ಸ್ಪ್ಯಾನರ್ ಸದ್ದು ನಿಂತಿತು. ಆಮೇಲೆ ಅವನೂ ಮೆಲ್ಲಗೆ ಹೊರಗೆ ಬಂದ.