ದಿನಕ್ಕೊಮ್ಮೆ ಮಂಕಾಗುತ್ತಿದ್ದ ಬಟನ್

ಈ ಸಂಗತಿಯನ್ನು ನಾನು ಎಷ್ಟೋ ಸಲ ಹೇಳಿದ್ದೇನೆ. ಊಟದ ಮೇಜಿನಲ್ಲಿ ಹೇಳಿದ್ದೇನೆ, ಕೆಲಸಕ್ಕೆ ಸೇರಿದ ಹೊಸಬರಿಗೆ ಹೇಳಿದ್ದೇನೆ, ಒಮ್ಮೆ ರೈಲಿನಲ್ಲಿ ಗುರುತಿಲ್ಲದವರಿಗೂ ಹೇಳಿದ್ದೇನೆ. ನಾನು ಹೇಳುವ ಕತೆಯಲ್ಲಿ ಬನಶಂಕರಿಯ ನಮ್ಮ ಮನೆಯ ಅಡುಗೆಮನೆ ಬಾಗಿಲ ಪಕ್ಕ ಒಂದು ಕ್ಯಾಲೆಂಡರ್ ಇರುತ್ತದೆ. ಅದರ ಮುಂದೆ ಕಾಫಿ ಲೋಟ ಹಿಡಿದ ನಾನು ನಿಂತಿರುತ್ತೇನೆ. ನೋಡಿದವನೇ ಬೆಚ್ಚಿಬಿದ್ದು ಲೋಟ ಅಲ್ಲೇ ಇಟ್ಟು ಆಫೀಸಿಗೆ ಓಡುತ್ತೇನೆ. ಕೇಳಿದವರು ನಗುತ್ತಾರೆ.

ಕ್ಯಾಲೆಂಡರ್ ನಿಜ. ಕಾಫಿಯೂ ನಿಜವಿರಬಹುದು. ಬೆಚ್ಚಿಬಿದ್ದದ್ದು ಸುಳ್ಳು. ಆ ಕತೆಯಲ್ಲಿ ಇರಲೇಬೇಕಾದ ಒಬ್ಬರನ್ನು ನಾನು ಇಷ್ಟು ವರ್ಷ ಹೊರಗೆ ನಿಲ್ಲಿಸಿದ್ದೇನೆ. ಅವರನ್ನು ಒಳಗೆ ಕರೆದರೆ ಕತೆ ಮೊದಲಿನಷ್ಟು ನೆಟ್ಟಗೆ ನಿಲ್ಲುವುದಿಲ್ಲ. ನಿಲ್ಲದಿರಲಿ.

ಎರಡು ಸಾವಿರದ ಆಸುಪಾಸು. ಜಯನಗರದ ಒಂದು ಮನೆಯ ಮೊದಲ ಮಹಡಿಯೇ ನಮ್ಮ ಆಫೀಸು. ಗೋಡೆಗಳಿಗೆ ತಿಳಿಹಸಿರು ಬಣ್ಣ. ಇಲ್ಲ, ಆ ಹಸಿರು ನಾನು ಓದಿದ ಶಾಲೆಯದು, ಆಫೀಸಿನ ಗೋಡೆ ಯಾವ ಬಣ್ಣದ್ದೋ ಈಗ ನೆನಪಿಲ್ಲ. ಬಾಲ್ಕನಿ ಮಾತ್ರ ಚೆನ್ನಾಗಿ ನೆನಪಿದೆ. ಅದರ ಮೇಲೆ ಪಕ್ಕದ ಮನೆಯ ಹೊಂಗೆಮರ ಬಾಗಿತ್ತು, ಅದರ ಹೂವು ಬಾಗಿಲ ಸಂದಿಯಿಂದ ನಮ್ಮ ಕೀಬೋರ್ಡುಗಳವರೆಗೂ ಬರುತ್ತಿತ್ತು.

ನಾವು ಕಲ್ಯಾಣಮಂಟಪಗಳಿಗೆ ಬುಕಿಂಗ್ ಸಾಫ್ಟ್‌ವೇರ್ ಮಾಡುತ್ತಿದ್ದೆವು. ಯಾವ ದಿನ ಮಂಟಪ ಖಾಲಿ, ಯಾವ ಮುಹೂರ್ತ, ರೂಮು ಎಷ್ಟು, ಪಾತ್ರೆ ನಮ್ಮದೋ ನಿಮ್ಮದೋ, ಎಲ್ಲ ತುಂಬಬೇಕು. ಕೊನೆಗೆ 'ಕನ್ಫರ್ಮ್' ಎಂಬ ಬಟನ್ ಒತ್ತಿದರೆ ರಸೀದಿ ಪರದೆಯ ಮೇಲೆ ಬರಬೇಕು. ಸಾಫ್ಟ್‌ವೇರಿನಲ್ಲಿ ಏನೇ ಬದಲಾದರೂ, ಗಿರಾಕಿಗೆ ಕೊಡುವ ಮೊದಲು ಸುಮಾರು ಎಪ್ಪತ್ತು ಬಗೆಯ ಸುಳ್ಳು ಮದುವೆಗಳನ್ನು ಬುಕ್ ಮಾಡಿ ನೋಡುವುದಿತ್ತು. ಆ ಎಪ್ಪತ್ತನ್ನೂ ಕೈಯಿಂದಲೇ ಮಾಡುತ್ತಿದ್ದವರು ಒಬ್ಬ ಹೆಂಗಸು, ನನಗಿಂತ ಹದಿನೈದು ವರ್ಷ ದೊಡ್ಡವರು. ಹನುಮಂತನಗರದಿಂದ ಬಸ್ಸಿನಲ್ಲಿ ಬರುತ್ತಿದ್ದರು. ಮೊದಲು ಟೈಪಿಂಗ್ ಹೇಳಿಕೊಡುತ್ತಿದ್ದವರು. ಗಂಡ ಕೆಲಸ ಮಾಡುತ್ತಿದ್ದ ಕಾರ್ಖಾನೆ ಮುಚ್ಚಿತ್ತು, ಮನೆ ಇವರ ಸಂಬಳದಲ್ಲೇ ನಡೆಯುತ್ತಿತ್ತು. ನಾನು ಅವರನ್ನು ಮೇಡಂ ಅನ್ನುತ್ತಿದ್ದೆ. ಅವರಿಗೆ ನಾನು ಮೊದಲ ದಿನದಿಂದಲೇ ನೀನು.

ನನ್ನನ್ನು ಕೆಲಸಕ್ಕೆ ತೆಗೆದುಕೊಂಡದ್ದೇ ಆ ಎಪ್ಪತ್ತನ್ನು ಕಂಪ್ಯೂಟರಿನಿಂದ ಮಾಡಿಸಲಿಕ್ಕೆ. ಕಂಪನಿಯ ಯಜಮಾನರು ಪರೀಕ್ಷೆಗೆಂದು ಕೆಲವು ವಾರದ ಮಟ್ಟಿಗೆ ಒಂದು ಟೂಲ್ ತರಿಸಿದ್ದರು. ಮನುಷ್ಯರು ಕೆಲಸ ಮಾಡುವಾಗ ಮೌಸ್ ಓಡಿದ ದಾರಿ, ಒತ್ತಿದ ಜಾಗ, ನಿಂತ ಹೊತ್ತು ಎಲ್ಲವನ್ನೂ ಅದು ರೆಕಾರ್ಡ್ ಮಾಡಿಕೊಳ್ಳುತ್ತಿತ್ತು. ಆಮೇಲೆ ಯಾರೂ ಮುಟ್ಟದೆ ಅದನ್ನೇ ಮತ್ತೆ ಓಡಿಸುತ್ತಿತ್ತು. ಹಾಗೆ ರೆಕಾರ್ಡ್ ಆದದ್ದಕ್ಕೆ ಸ್ಕ್ರಿಪ್ಟ್ ಅನ್ನುತ್ತಿದ್ದೆವು. ನನಗೆ ಎಪ್ಪತ್ತು ಬಗೆ ಗೊತ್ತಿರಲಿಲ್ಲವಾದ್ದರಿಂದ ರೆಕಾರ್ಡ್ ಮಾಡಿದ್ದು ಅವರ ಕೈಯನ್ನು. ಎರಡು ದಿನ ಅವರು ಬುಕ್ ಮಾಡುತ್ತ ಹೋದರು, ನಾನು ಪಕ್ಕದಲ್ಲಿ ಕೂತೆ.

ಕನ್ಫರ್ಮ್ ಒತ್ತುವ ಮೊದಲು ಅವರು ಮೌಸಿನ ಬಾಣದ ಗುರುತನ್ನು ಆ ಬಟನ್ನಿನ ಸುತ್ತ ಒಂದು ಸುತ್ತು ಹಾಕಿಸುತ್ತಿದ್ದರು.

"ಅದ್ಯಾಕೆ ಮೇಡಂ ಪ್ರದಕ್ಷಿಣೆ?"

"ತುಂಬಿದ್ದೆಲ್ಲ ಸರಿ ಇದೆಯಾ ಅಂತ ಕಣ್ಣು ಒಂದ್ಸಲ ನೋಡ್ಬೇಕಲ್ಲ. ಅಷ್ಟೊತ್ತು ಈ ಕೈ ಸುಮ್ನಿರಲ್ಲ ಕಣೋ."

ಯಜಮಾನರು ಮುಚ್ಚುಮರೆ ಇಲ್ಲದ ಮನುಷ್ಯ. ಇಬ್ಬರನ್ನೂ ಎದುರಿಗೆ ನಿಲ್ಲಿಸಿಕೊಂಡೇ ಹೇಳಿದರು. "ದಸರಾಗೆ ಹೊಸ ವರ್ಷನ್ ಹೋಗ್ಬೇಕು. ಅಷ್ಟರೊಳಗೆ ಒಂದು ವಾರ ಪೂರ್ತಿ ಇದು ಬೀಳದೆ ಓಡಿದ್ರೆ, ಮೆಷಿನ್ ಸಾಕು. ಓಡಲಿಲ್ಲ ಅಂದ್ರೆ, ಕೈಯೇ ಸಾಕು. ಎರಡೂ ಇಟ್ಕೊಳೋಷ್ಟು ದೊಡ್ಡೋರಲ್ಲಪ್ಪ ನಾವು."

ಅಂದರೆ ಟೆಸ್ಟಿಂಗಿಗೆ ಇರುವುದು ಒಂದೇ ಕುರ್ಚಿ. ಸ್ಕ್ರಿಪ್ಟ್ ಓಡಿದರೆ ನನ್ನದು, ಬಿದ್ದರೆ ಅವರದು.

ಅದು ಬೀಳುತ್ತಿತ್ತು. ದಿನಕ್ಕೆ ಆರು ಸಲ ಓಡಿಸುತ್ತಿದ್ದೆ, ಆರರಲ್ಲಿ ಒಂದು ಬೀಳುತ್ತಿತ್ತು. ಬಾಣ ತನ್ನಷ್ಟಕ್ಕೆ ಹೋಗಿ ಎಲ್ಲ ತುಂಬುತ್ತದೆ, ಕನ್ಫರ್ಮ್ ಹತ್ತಿರ ಬಂದು ಸುತ್ತು ಹಾಕುತ್ತದೆ, ಒತ್ತುತ್ತದೆ, ರಸೀದಿ ಬರುವುದಿಲ್ಲ. ಮೊದಲ ಮದುವೆಯಲ್ಲೇ ನಿಂತುಬಿಡುತ್ತದೆ. ನಾನು ಬಗ್ಗಿ ನೋಡಿದರೆ ಬಟನ್ ಬೂದುಬಣ್ಣಕ್ಕೆ ತಿರುಗಿ ಮಂಕಾಗಿರುತ್ತಿತ್ತು. ಒತ್ತಿದರೆ ಏನೂ ಇಲ್ಲ. ಯಾವುದೋ ಮಾಹಿತಿ ತುಂಬಿಲ್ಲವೆಂದು ಹುಡುಕುತ್ತ ಕೂತರೆ, ಸ್ವಲ್ಪ ಹೊತ್ತಿಗೆ ಮತ್ತೆ ಸರಿಹೋಗುತ್ತಿತ್ತು.

ಇದಕ್ಕಿಂತ ಕೆಟ್ಟ ಕಾಯಿಲೆ ಇಲ್ಲ. ಏನು ಔಷಧ ಕೊಟ್ಟರೂ ನಾಟಿದಂತೆ ಕಾಣುತ್ತದೆ. ಮೆಷಿನ್ ನಿಧಾನವಿರಬೇಕೆಂದು ಸ್ಕ್ರಿಪ್ಟಿನಲ್ಲಿ ಕಾಯುವ ಹೊತ್ತನ್ನು ಐದು ಸೆಕೆಂಡಿನಿಂದ ಇಪ್ಪತ್ತಕ್ಕೆ ಏರಿಸಿದೆ. ಮುಂದಿನ ಓಟ ಪಾಸಾಯಿತು. ಗೆದ್ದೆ ಅಂದುಕೊಂಡೆ. ಮಾರನೆಯ ದಿನ ಬಿತ್ತು. ಸ್ಕ್ರೀನ್‌ಸೇವರ್ ತೆಗೆದೆ, ಮುಂದಿನದು ಪಾಸು, ಮಾರನೆಯ ದಿನ ಬಿತ್ತು. ಯುಪಿಎಸ್ ಬದಲಿಸಿದೆ. ಕೆಳಗಿನ ಮನೆಯವರು ನೀರಿನ ಮೋಟಾರು ಹಾಕುವ ಹೊತ್ತನ್ನು ಬರೆದಿಟ್ಟುಕೊಂಡೆ. ಸೋಮವಾರ ಮಾತ್ರ ಒಂದೂ ಬೀಳುತ್ತಿರಲಿಲ್ಲ. ಅದಕ್ಕೂ ಯಜಮಾನರ ಹತ್ತಿರ ಕಾರಣವಿತ್ತು. "ಭಾನುವಾರ ರೆಸ್ಟ್ ಆಗಿರತ್ತಲ್ಲ ಗುರು, ಫ್ರೆಶ್ ಆಗಿರತ್ತೆ. ದಿನಾ ಬೆಳಿಗ್ಗೆ ಆಫ್ ಮಾಡಿ ಆನ್ ಮಾಡು."

ಮಾಡಿದೆ. ನಗಬೇಡಿ, ನೀವಾಗಿದ್ದರೂ ಮಾಡುತ್ತಿದ್ದಿರಿ.

ಮೇಡಂ ತಮ್ಮ ಮೇಜಿನಿಂದ ನೋಡುತ್ತಿದ್ದರು. "ನಿನ್ನ ದೆವ್ವಕ್ಕೆ ಇವತ್ತೂ ಸುಸ್ತಾ?" ಅನ್ನುತ್ತಿದ್ದರು. ನಾನು ಸಿಟ್ಟಿನಲ್ಲಿ ಆ ಮೆಷಿನ್ನನ್ನು ಬೈಯುತ್ತಿದ್ದೆ. ದಡ್ಡ, ಕುರುಡ, ಬಟನ್ ಎಲ್ಲಿದೆ ಅಂತ ಕಾಣಲ್ವಾ, ಸುಮ್ಮನೆ ಸುತ್ತು ಹಾಕುತ್ತೆ, ಹೀಗೆ. ದಿನದ ಯಾವುದೋ ಒಂದು ಹೊತ್ತಿನಲ್ಲಿ ಅವರು ಬುಕಿಂಗ್ ನಿಲ್ಲಿಸಿ, ಹಳೆಯ ಕಾಗದಗಳನ್ನು ಜೋಡಿಸುತ್ತಲೋ ಬಾಲ್ಕನಿಯಲ್ಲಿ ಫ್ಲಾಸ್ಕಿನ ಕಾಫಿ ಕುಡಿಯುತ್ತಲೋ ಇರುತ್ತಿದ್ದರು. ಆರಾಮಿನ ಕೆಲಸ ಅಂದುಕೊಳ್ಳುತ್ತಿದ್ದೆ.

ಮೂರನೆಯ ವಾರ ಒಂದು ಬುದ್ಧಿವಂತ ಕೆಲಸ ಮಾಡಿದೆ. ಅಲ್ಲಿಯವರೆಗೆ ನೋಟ್‌ಬುಕ್ಕಿನಲ್ಲಿ ಸಾಲಾಗಿ ಬರೆದದ್ದನ್ನೆಲ್ಲ ಪ್ರಿಂಟರಿನ ಉದ್ದನೆಯ ಕಾಗದದ ಬೆನ್ನ ಮೇಲೆ ವಾರದ ದಿನಗಳ ಪ್ರಕಾರ ಮನೆ ಹಾಕಿ ಬರೆದೆ. ಬಿದ್ದ ಕಡೆ ಕೆಂಪು ಗುರುತು. ಗೋಡೆಗೆ ಅಂಟಿಸಿ ಹಿಂದೆ ಸರಿದು ನೋಡಿದೆ. ಮಂಗಳವಾರ ಬಿದ್ದದ್ದು ಯಾವಾಗಲೂ ಮೂರೂವರೆಯ ಓಟ. ಬುಧವಾರ ಹನ್ನೆರಡೂವರೆಯದು. ಗುರುವಾರ ಎರಡು ಗಂಟೆಯದು. ಶುಕ್ರವಾರ ಹನ್ನೊಂದು. ಶನಿವಾರ ಬೆಳಿಗ್ಗೆ ಒಂಬತ್ತೂವರೆ, ಬಾಗಿಲು ತೆಗೆದ ತಕ್ಷಣ. ಪ್ರತಿ ವಾರವೂ ಹಾಗೇ.

ಯಜಮಾನರೂ ನೋಡಿದರು. ವಿದ್ಯುತ್ತಿನ ಏರಿಳಿತವೆಂದರು. ಪಕ್ಕದ ರಸ್ತೆಯ ಶಾಲೆಯ ಗಂಟೆಗೂ ಇದಕ್ಕೂ ಸಂಬಂಧವಿದೆಯೇ ಎಂದು ನಾನು ಹೋಗಿ ನಿಂತು ಬಂದೆ. ಕನ್ನಡ ನಾಡಿನಲ್ಲಿ ಹುಟ್ಟಿ ಬೆಳೆದವನಿಗೆ ಆ ಪಟ್ಟಿಯ ಎದುರು ಎರಡು ದಿನ ನಿಂತೂ ಅದೇನೆಂದು ಹೊಳೆಯಲಿಲ್ಲ. ಇಂಥದಕ್ಕೆಲ್ಲ ಬೆಲೆ ಕೊಡುವುದಿಲ್ಲವೆಂದು ಮನೆಯಲ್ಲಿ ಜಗಳವಾಡಿ ಗೆದ್ದಿದ್ದೆನಲ್ಲ, ಅದರ ಫಲ.

ಗುರುವಾರ ಸಂಜೆ ಯಜಮಾನರು ನನ್ನ ಹೆಗಲ ಮೇಲೆ ಕೈ ಇಟ್ಟರು. ಮೇಡಂ ಬ್ಯಾಗು ಹಾಕಿಕೊಂಡು ಹೊರಡುತ್ತಿದ್ದರು, ನಿಂತರು. ಯಜಮಾನರು ಅಂದರು, "ಶನಿವಾರಾನೂ ಬಿತ್ತು ಅಂದ್ರೆ ಟೂಲ್ ವಾಪಸ್ ಕಳಿಸ್ತೀನಿ. ನೀನೂ ಬೇರೆ ಕಡೆ ನೋಡ್ಕೊಪ್ಪ. ಬೇಜಾರ್ ಮಾಡ್ಕೋಬೇಡ."

ಮಾರನೆಯ ದಿನ ಶುಕ್ರವಾರ. ಹನ್ನೊಂದರ ಓಟ ಶುರುವಾಯಿತು, ಬಿತ್ತು. ನಾನು ಮಾನಿಟರಿನ ತಲೆಗೊಂದು ಏಟು ಹಾಕಿ ಏನೋ ಬೈದೆ. ಏನು ಬೈದೆನೆಂದು ಬರೆಯುವಂತಿಲ್ಲ.

"ಬಾರೋ ಇಲ್ಲಿ," ಮೇಡಂ ಬಾಲ್ಕನಿಯಿಂದ ಕರೆದರು. ಫ್ಲಾಸ್ಕಿನ ಮುಚ್ಚಳದಲ್ಲಿ ಕಾಫಿ ಸುರಿದು ನನ್ನ ಕೈಗೆ ಕೊಟ್ಟರು. "ಇವತ್ತು ಯಾವ ವಾರ?"

"ಶುಕ್ರವಾರ."

"ಟೈಮೆಷ್ಟು?"

"ಹನ್ನೊಂದೂ ಹತ್ತು. ಯಾಕೆ ಮೇಡಂ?"

"ನಿಮ್ಮನೇಲಿ ಹೆಂಗಸರಿಲ್ವೇನೋ? ಶುಕ್ರವಾರ ಹತ್ತೂವರೆಯಿಂದ ಹನ್ನೆರಡು. ರಾಹುಕಾಲ ಕಣೋ."

ಸೋಮವಾರದ್ದು ಏಳೂವರೆಯಿಂದ ಒಂಬತ್ತು. ಅಷ್ಟು ಹೊತ್ತಿಗೆ ನಾವು ಬಾಗಿಲನ್ನೇ ತೆಗೆದಿರುತ್ತಿರಲಿಲ್ಲ.

ಆಮೇಲೆ ಅವರು ಎಲ್ಲ ಹೇಳಿದರು. ನಾನು ಸೇರುವ ಮೊದಲು ಇದ್ದ ಪ್ರೋಗ್ರಾಮರಿಗೆ ಒಂದು ಮಂಟಪದ ಮಾಲೀಕರು ಫೋನ್ ಮಾಡಿದ್ದರಂತೆ. ರಾಹುಕಾಲದಲ್ಲಿ ನಮ್ಮಲ್ಲಿ ಮದುವೆ ಬುಕ್ ಮಾಡಿಕೊಳ್ಳುವುದಿಲ್ಲ, ಹುಡುಗರು ಮರೆತು ಮಾಡಿಬಿಡುತ್ತಾರೆ, ನಿಮ್ಮ ಕಂಪ್ಯೂಟರೇ ತಡೆಯಲಿ. ಆದರೆ ಪರದೆಯ ಮೇಲೆ ಏನೂ ಬರೆದು ತೋರಿಸಬೇಡಿ, ಹೆಣ್ಣಿನ ಕಡೆಯವರು ಎದುರಿಗೇ ಕೂತಿರುತ್ತಾರೆ, ಶುಭಕಾರ್ಯಕ್ಕೆ ಬಂದವರಿಗೆ ರಾಹು ಗೀಹು ಅಂತ ತೋರಿಸಿದರೆ ಚೆನ್ನಾಗಿರುವುದಿಲ್ಲ. ಬಟನ್ ಸುಮ್ಮನೆ ಕೆಲಸ ಮಾಡದಿರಲಿ. ಕಂಪ್ಯೂಟರ್ ಸ್ವಲ್ಪ ಸ್ಲೋ, ಕಾಫಿ ಕುಡಿಯಿರಿ ಅಂತ ನಾವು ಕೂರಿಸಿಕೊಳ್ಳುತ್ತೇವೆ. ಪ್ರೋಗ್ರಾಮರು ಹಾಗೇ ಮಾಡಿ, ಯಜಮಾನರಿಗೂ ಹೇಳದೆ, ಸ್ವಲ್ಪ ದಿನದಲ್ಲೇ ಬೇರೆ ಕಡೆ ಸೇರಿದರು.

"ಟೈಮಿಂಗ್ ಎಲ್ಲ ಆತಂಗೆ ಬರ್ಸಿದ್ದು ನಾನೇ. ಆಗ್ಲಿಂದ ಆ ಹೊತ್ತಲ್ಲಿ ಬುಕಿಂಗ್ ಟೆಸ್ಟ್ ಮಾಡ್ತಿರಲಿಲ್ಲ. ಮುಂಚೆನೂ ಮಾಡ್ತಿರಲಿಲ್ಲ ಅನ್ನು."

"ಹಂಗಾದ್ರೆ ನಿಮಗೆ ಮೊದಲ ದಿನದಿಂದ್ಲೂ ಗೊತ್ತಿತ್ತು."

"ಹ್ಞೂಂ."

"ಯಾಕೆ ಹೇಳಲಿಲ್ಲ ಮೇಡಂ?"

"ಹೇಳಿದ್ರೆ ನಮ್ಮನೆ ಒಲೆ ಯಾರು ಹಚ್ತಾರೆ, ನೀನಾ?"

ಕಾಫಿ ಆರುತ್ತಿತ್ತು. ಈಗ ಯಾಕೆ ಹೇಳಿದಿರಿ ಅಂದೆ. ನನ್ನ ಕೆಲಸ ಹೋಗುತ್ತದೆಂಬ ಕನಿಕರದಿಂದ ಅನ್ನುತ್ತಾರೆಂದುಕೊಂಡಿದ್ದೆ.

"ನೀನು ದಿನಾ ದಡ್ಡ, ಕುರುಡ ಅಂತ ಬೈತೀಯಲ್ಲ, ಅದು ನನ್ನ ಕೈ ಕಣೋ. ಎಪ್ಪತ್ತೂ ನಾನು ಮಾಡಿದ್ದು. ಒಂದರಲ್ಲೂ ತಪ್ಪಿಲ್ಲ. ಮೂರು ವಾರದಿಂದ ಬೈಸ್ಕೊಂಡು ಕೂತಿದೀನಿ, ಇನ್ನಾಗಲ್ಲ."

ಆ ಮಧ್ಯಾಹ್ನವೇ ಸ್ಕ್ರಿಪ್ಟನ್ನು ತಿದ್ದಿದೆ. ಅದು ಮೊದಲು ವಾರ ಮತ್ತು ಗಡಿಯಾರ ನೋಡಬೇಕು, ರಾಹುಕಾಲವಾಗಿದ್ದರೆ ಬಟನ್ ಮಂಕಾಗಿರುವುದೇ ಸರಿ ಎಂದು ಬರೆದುಕೊಂಡು ಸುಮ್ಮನಾಗಬೇಕು. ಶನಿವಾರ ಬೆಳಿಗ್ಗೆ ಪಾಸಾಯಿತು. ಯಜಮಾನರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಸಖತ್ ಗುರು! ಹೆಂಗೋ ಹೊಳೀತು ನಿಂಗೆ?"

ಮೇಡಂ ಬಾಗಿಲ ಹತ್ತಿರ ಫ್ಲಾಸ್ಕ್ ಹಿಡಿದು ನಿಂತಿದ್ದರು.

"ಮನೇಲಿ ಕ್ಯಾಲೆಂಡರ್ ನೋಡ್ದೆ ಸಾರ್," ಅಂದೆ.

ನನ್ನ ಕತೆಯ ಕ್ಯಾಲೆಂಡರ್ ಹುಟ್ಟಿದ್ದು ಅಲ್ಲಿ. ಇಷ್ಟು ವರ್ಷ ನನ್ನೊಳಗೆ ಒಂದು ಸಮಾಧಾನವೂ ಇತ್ತು. 'ನಾನು ಹೇಳ್ದೆ ಅನ್ಬೇಡ, ಮೂರು ವಾರ ಸುಮ್ನಿದ್ದೆ ಅಂತ ಸಾರ್‌ಗೆ ಗೊತ್ತಾಗತ್ತೆ' ಎಂದು ಅವರೇ ಕೇಳಿಕೊಂಡಿದ್ದರಲ್ಲ. ಮಾತು ಅವರ ದನಿಯಲ್ಲೇ ಕೇಳಿಸುತ್ತದೆ. ಆದರೆ ಅದನ್ನು ಎಲ್ಲಿ ಹೇಳಿದರು? ಉಳಿದ ಪ್ರತಿ ಮಾತಿಗೂ ಜಾಗವಿದೆ. ರಾಹುಕಾಲ ಅಂದಾಗ ಮುಚ್ಚಳದ ಅಂಚಿನಲ್ಲಿ ಕೆನೆ ಅಂಟಿತ್ತು, ಒಲೆಯ ಮಾತು ಬಂದಾಗ ಅವರು ಸೆರಗಿನ ಮೇಲಿನ ಹೊಂಗೆಯೆಲೆ ಕೊಡವುತ್ತಿದ್ದರು. ಈ ಒಂದು ಮಾತಿಗೆ ಬಾಲ್ಕನಿಯೂ ಇಲ್ಲ, ಮೆಟ್ಟಿಲೂ ಇಲ್ಲ, ಹೊತ್ತೂ ಇಲ್ಲ. ಬರೀ ದನಿ. ನನಗೆ ಬೇಕಾದಾಗ ನಾನೇ ಅವರ ದನಿಯಲ್ಲಿ ರೆಕಾರ್ಡ್ ಮಾಡಿಕೊಂಡೆನೇನೋ. ಸ್ಕ್ರಿಪ್ಟಾಗಿದ್ದರೆ ತೆಗೆದು ನೋಡಬಹುದಿತ್ತು.

ಮುಂದಿನ ವಾರ ಪೂರ್ತಿ ಒಂದೂ ಬೀಳಲಿಲ್ಲ. ಆಯುಧಪೂಜೆಯ ದಿನ ಎಲ್ಲ ಕಂಪ್ಯೂಟರುಗಳಿಗೂ ಕುಂಕುಮ ಇಟ್ಟವರು ಮೇಡಂ, ಟೆಸ್ಟ್ ಮೆಷಿನ್ನಿಗೂ ಇಟ್ಟರು. ಕಡಲೆಪುರಿಯ ಪೊಟ್ಟಣ ಹಿಡಿದು ಬಸ್ಸಿಗೆ ಹೊರಟರು. ದಸರಾ ಕಳೆದು ಆಫೀಸು ತೆರೆದಾಗ ಅವರ ಮೇಜಿನ ಮೇಲೆ ಹೊಸ ಪ್ರಿಂಟರ್ ಬಂದಿತ್ತು.

ಬಾಣ ಮಾತ್ರ ದಿನಕ್ಕೆ ಐದಾರು ಸಲ ಎಪ್ಪತ್ತು ಸುತ್ತು ಹಾಕುತ್ತಲೇ ಇತ್ತು. ಒಂದು ದಿನ ಯಜಮಾನರು, "ಆ ಸುತ್ತು ಯಾಕಪ್ಪಾ, ತೆಗಿ, ಟೈಮ್ ಉಳಿಯತ್ತೆ" ಅಂದರು. ತೆಗೆದೆ. ತೆಗೆಯಲಿಲ್ಲ ಎಂದು ಬರೆಯಲು ಈಗಷ್ಟೇ ಕೈ ಹೋಗಿತ್ತು.

ಕೆಲವು ವರ್ಷಗಳ ಮೇಲೆ ತಂಗಿಯ ಮದುವೆಗೆಂದು ಬನಶಂಕರಿಯ ಒಂದು ಮಂಟಪ ಬುಕ್ ಮಾಡಲು ಹೋಗಿದ್ದೆ. ಮೇಜಿನ ಹಿಂದೆ ನಮ್ಮದೇ ಸಾಫ್ಟ್‌ವೇರ್. ಎಲ್ಲ ತುಂಬಿ ಆಯಿತು, ರಸೀದಿ ಬರಲಿಲ್ಲ. "ಕಂಪ್ಯೂಟರ್ ಸ್ವಲ್ಪ ಸ್ಲೋ ಸಾರ್, ಕಾಫಿ ಕುಡೀರಿ." ಬುಧವಾರ, ಹನ್ನೆರಡೂ ಕಾಲು. ಗೆಳೆಯರಿಗೆ ಈ ಮಂಟಪದ ಕತೆಯನ್ನು ಮಾತ್ರ ಹೇಳುವಾಗ ಒಂದೆರಡು ಸಲ, ಹಿಂದೆ ನಮ್ಮ ಆಫೀಸಿನಲ್ಲಿದ್ದವರು ಅಂತ, ಆ ಮಾತನ್ನು ಮೇಡಂ ಬಾಯಲ್ಲೇ ಹೇಳಿಸಿದ್ದೇನೆ. ಅವರಿಗೆ ಅಲ್ಲೊಂದು ಕುರ್ಚಿ ಹಾಕಿಕೊಟ್ಟು, ಕಣ್ಣು ಮಿಟುಕಿಸಿ ನಗಿಸಿದ್ದೇನೆ.

ಕೂತಿದ್ದವರು ಅವರಲ್ಲ. ಮೀಸೆಯ ಒಬ್ಬ ಗುಮಾಸ್ತ. ನಾನು ಕಾಫಿ ಕುಡಿಯುತ್ತ ಒಂದೂವರೆಯವರೆಗೆ ಕಾದೆ.